ತನ್ನ ದೋಷವನ್ನು ತಾನೇ ಹೇಳುವ ಕೈಪಿಡಿ

ಹೇಳಿದುದನ್ನು ಹೇಳಿದಂತೆಯೇ ಮಾಡುವ ಸೇವಕನು ಒಳ್ಳೆಯವನೂ ಹೌದು, ಅಪಾಯಕಾರಿಯೂ ಹೌದು. ಗಣಕಯಂತ್ರವು ಅಂತಹ ಸೇವಕ. ಯುನಿಕ್ಸ್ ವ್ಯವಸ್ಥೆಯಲ್ಲಿ 'ಆರ್‌ಎಂ' ಎಂಬ ಎರಡಕ್ಷರದ ಆಜ್ಞೆಯೊಂದುಂಟು; ಕಡತಗಳನ್ನು ಅಳಿಸುವುದು ಅದರ ಕೆಲಸ. ನಕ್ಷತ್ರಚಿಹ್ನೆಗೆ ಅಂಟಿಸಿ ಹೆಸರಿನ ಕೊನೆಯ ಭಾಗವನ್ನು ಬರೆದರೆ ಆ ಬಗೆಯ ಕಡತಗಳು ಮಾತ್ರ ಅಳಿಯುವುವು. ನಡುವೆ ಅರಿಯದೆ ತೆರಪೊಂದು ಬಿದ್ದಿತೋ, ಅಲ್ಲಿರುವ ಕಡತಗಳೆಲ್ಲ ಬಹುಮಟ್ಟಿಗೆ ಮಾಯ! 'ಅಳಿಸಲೆ?' ಎಂದು ಅದು ಸಾಮಾನ್ಯವಾಗಿ ಕೇಳುವುದೂ ಇಲ್ಲ.

ಇಂತಹ ಆಜ್ಞೆಗಳ ಅರ್ಥವನ್ನು ತಿಳಿಸುವ ಬರಹವು ಹೇಗಿರಬೇಕು? ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1971ರ ನವೆಂಬರ್ 3ರಂದು ಹೊರತಂದ ಯುನಿಕ್ಸ್ ಕೈಪಿಡಿಯು ಇದಕ್ಕೊಂದು ಮಾದರಿಯನ್ನು ಹಾಕಿಕೊಟ್ಟಿತು. ಮೊದಲು ಆಜ್ಞೆಯ ಹೆಸರು, ಬಳಿಕ ಅದನ್ನು ಬರೆಯುವ ರೂಪ, ಆಮೇಲೆ ವಿವರಣೆ. ಕೊನೆಯತ್ತ ಸಂಬಂಧಪಟ್ಟ ಕಡತಗಳು, 'ಇದನ್ನೂ ನೋಡಿ' ಎಂಬ ಸೂಚನೆ. ಪುಟ ಯಾವುದಾದರೂ ಕ್ರಮ ಒಂದೇ. ಆತುರದಲ್ಲಿರುವ ಓದುಗನ ಕಣ್ಣು ತಡವರಿಸಬೇಕಾಗಿಲ್ಲ.

ಚಿಹ್ನೆಗಳಿಗೂ ಕಟ್ಟುನಿಟ್ಟಾದ ಅರ್ಥವಿದೆ. ಚೌಕ ಆವರಣದೊಳಗಿನದನ್ನು ಬಿಟ್ಟರೂ ನಡೆದೀತು. ಮೂರು ಚುಕ್ಕಿಗಳಿದ್ದರೆ ಹಿಂದಿನದನ್ನು ಮತ್ತೆ ಮತ್ತೆ ಬರೆಯಬಹುದು. ಇಂದಿನ ಪುಟಗಳಲ್ಲಿ ದಪ್ಪಕ್ಷರದ ಪದವನ್ನು ಇದ್ದಂತೆಯೇ ಒತ್ತಬೇಕು. ಓರೆಯಕ್ಷರದ ಪದದ ಜಾಗದಲ್ಲಿ ಓದುಗನು ತನಗೆ ಬೇಕಾದುದನ್ನು ತುಂಬಬೇಕು. ಬರೆಯುವವನು ಈ ಸಂಕೇತಗಳಲ್ಲಿ ಎಡವಿದರೆ ಅದರ ಫಲವನ್ನು ಉಣ್ಣುವವನು, ಪಾಪ, ಓದುಗನು!

ಆ ಮೊದಲ ಕೈಪಿಡಿಯ ನಿಜವಾದ ಹಿರಿಮೆಯಿರುವುದು 'ದೋಷಗಳು' ಎಂಬ ತಲೆಬರಹದಲ್ಲಿ. ತಮ್ಮ ಆಜ್ಞೆಯು ಎಲ್ಲಿ ಸೋಲುವುದೆಂಬುದನ್ನು ಅದನ್ನು ರಚಿಸಿದವರೇ ಅಲ್ಲಿ ಒಪ್ಪಿಕೊಂಡರು. ಮಾರುವವನು ತನ್ನ ಸರಕಿನ ಕುಂದನ್ನು ಸಾರಿ ಹೇಳುವುದುಂಟೆ? ಆದರೆ ಈ ಪದ್ಧತಿಯಿಂದ ಎರಡು ಲಾಭಗಳಾದುವು. ಓದುಗನಿಗೆ ಮುನ್ನೆಚ್ಚರಿಕೆ ದೊರೆಯಿತು. ದೋಷವನ್ನು ಬರೆದಿಡಲು ನಾಚಿದ ಕರ್ತೃವು ಅದನ್ನು ತಿದ್ದುವ ದಾರಿಯನ್ನೇ ಹಿಡಿಯುವಂತಾಯಿತು. 1979ರಲ್ಲಿ ಡಗ್ಲಸ್ ಮೆಕಿಲ್ರಾಯ್ ಸಂಪಾದಿಸಿದ ಏಳನೆಯ ಆವೃತ್ತಿಯಲ್ಲಿಯೂ ಈ ತಲೆಬರಹ ಉಳಿದುಬಂದಿತು.

ಯಂತ್ರಗಳು ಬದಲಾದುವು, ಪುಟದ ಆ ಅಚ್ಚುಕಟ್ಟು ಇಂದಿಗೂ ಬಹುಮಟ್ಟಿಗೆ ಹಾಗೆಯೇ ಇದೆ. ಮಿತವಾದ ಮಾತು, ನಿಯತವಾದ ಕ್ರಮ, ಮುಚ್ಚುಮರೆಯಿಲ್ಲದ ಮನಸ್ಸು — ಈ ಮೂರೂ ಕೂಡಿದ ಬರಹವು ಯಾವ ಶಾಸ್ತ್ರದ್ದಾದರೇನು, ಬಾಳುತ್ತದೆ.