ಗೆಲ್ಲುವವರು ಯಾರು? – ಬ್ಯಾಸ್ಕೆಟ್‌ಬಾಲ್ ಪಂದ್ಯವೂ ಸಂಭವನೀಯತೆಯ ಗಣಿತವೂ

2018ನೆಯ ಇಸವಿಯ ಮಾರ್ಚ್ 16ರ ರಾತ್ರಿ ಅಮೆರಿಕದ ಷಾರ್ಲಟ್ ನಗರದಲ್ಲಿ ಎರಡು ವಿಶ್ವವಿದ್ಯಾನಿಲಯಗಳ ಬ್ಯಾಸ್ಕೆಟ್‌ಬಾಲ್ ತಂಡಗಳು ಎದುರುಬದುರಾಗಿ ನಿಂತುವು. ಒಂದು, ಆ ವರ್ಷದ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯಲ್ಲಿ ಅಗ್ರಸ್ಥಾನ ಪಡೆದಿದ್ದ ವರ್ಜೀನಿಯ. ಇನ್ನೊಂದು, ತನ್ನ ವಿಭಾಗದ ಕಟ್ಟಕಡೆಯ, ಎಂದರೆ 16ನೆಯ ಶ್ರೇಣಿಯ ತಂಡವಾದ ಮೇರಿಲೆಂಡ್–ಬಾಲ್ಟಿಮೋರ್ ಕೌಂಟಿ. 1985ರಿಂದ ಅಲ್ಲಿಯವರೆಗೆ ಪುರುಷರ ಪಂದ್ಯಾವಳಿಯಲ್ಲಿ 1ನೆಯ ಶ್ರೇಣಿಯ ತಂಡವು 16ನೆಯ ಶ್ರೇಣಿಯ ತಂಡವನ್ನು 135 ಬಾರಿ ಎದುರಿಸಿ, 135 ಬಾರಿಯೂ ಗೆದ್ದಿತ್ತು. ಆ ರಾತ್ರಿ ಮಾತ್ರ ವರ್ಜೀನಿಯ 54–74 ಅಂಕಗಳಿಂದ ಸೋತಿತು.

ಈ ಸೋಲಿನಿಂದ ಕಳೆದುಕೊಂಡವರು ಆಟಗಾರರಷ್ಟೇ ಅಲ್ಲ. 1939ರಲ್ಲಿ ಆರಂಭವಾದ ಈ ಪಂದ್ಯಾವಳಿಯ ಮೇಲೆ ಪಣ ಕಟ್ಟುವವರು ಅಸಂಖ್ಯರು. ಕ್ರೀಡೆಯ ಮೇಲಿನ ಪಣವನ್ನು ಬಹುಪಾಲು ರಾಜ್ಯಗಳಲ್ಲಿ ತಡೆಹಿಡಿದಿದ್ದ 1992ರ ಕಾನೂನನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2018ರ ಮೇ ತಿಂಗಳಲ್ಲಿ ರದ್ದುಗೊಳಿಸಿದ ಮೇಲೆ ಅವರ ಸಂಖ್ಯೆ ಇನ್ನೂ ಬೆಳೆಯಿತು. ಅವರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ. ಹಾಗಾದರೆ ಗೆಲ್ಲುವವರನ್ನು ಮುಂದಾಗಿ ತಿಳಿಯಲು ಸಾಧ್ಯವೆ?

ತಂಡಗಳ ಬಲವನ್ನು ಅಳೆಯುವ ಒಂದು ಪ್ರಸಿದ್ಧ ವಿಧಾನವನ್ನು ರೂಪಿಸಿದವರು ಭೌತಶಾಸ್ತ್ರದ ಅಧ್ಯಾಪಕರೊಬ್ಬರು. ಮಿಲ್ವಾಕಿಯ ಆರ್ಪಾಡ್ ಈಲೋ ಅವರು ಚದುರಂಗದ ಆಟಗಾರರಿಗಾಗಿ ಯೋಜಿಸಿದ ಈ ಕ್ರಮವನ್ನು ಅಮೆರಿಕದ ಚದುರಂಗ ಸಂಸ್ಥೆಯು 1960ರಲ್ಲಿ ಅಂಗೀಕರಿಸಿತು. ಪ್ರತಿಯೊಬ್ಬನಿಗೂ ಒಂದು ಸಂಖ್ಯೆ. ಗೆದ್ದರೆ ಅದು ಏರುತ್ತದೆ, ಸೋತರೆ ಇಳಿಯುತ್ತದೆ. ಇಬ್ಬರ ಸಂಖ್ಯೆಗಳ ಅಂತರ 100 ಆದರೆ ಬಲಶಾಲಿಗೆ ನೂರಕ್ಕೆ 64ರಷ್ಟು, 200 ಆದರೆ 76ರಷ್ಟು ಅವಕಾಶವಿದೆಯೆಂದು ಲೆಕ್ಕ. ಇದೇ ಕ್ರಮವನ್ನು ಬ್ಯಾಸ್ಕೆಟ್‌ಬಾಲಿಗೂ ಅನ್ವಯಿಸುತ್ತಾರೆ. ಆದರೆ ಈ ಗಣಿತವು ಗೆಲ್ಲುವವರ ಹೆಸರನ್ನು ಹೇಳುವುದಿಲ್ಲ, ಗೆಲ್ಲುವ ಸಂಭವವನ್ನು ಮಾತ್ರ ಹೇಳುತ್ತದೆ ಎಂಬುದನ್ನು ಗಮನಿಸಬೇಕು.

ಸಂಭವವು ನೂರಕ್ಕೆ ನೂರು ಏಕಾಗದು? ಒಂದು ನಾಣ್ಯ ಹಿಡಿದು ನೋಡೋಣ. ಕಾಲೇಜು ಪಂದ್ಯವೊಂದರಲ್ಲಿ ಪ್ರತಿ ತಂಡಕ್ಕೂ ಚೆಂಡು ಸುಮಾರು 70 ಸರದಿ ದೊರೆಯುತ್ತದೆ. ಸರದಿಗೆ ಸರಾಸರಿ ಒಂದು ಅಂಕ. ಆದುದರಿಂದ ಎರಡು ತಂಡಗಳ ಪರವಾಗಿ ತಲಾ 70 ಸಲ ನಾಣ್ಯ ಚಿಮ್ಮಿ, ತಲೆ ಬಿದ್ದರೆ 2 ಅಂಕ, ಇಲ್ಲವಾದರೆ ಸೊನ್ನೆ ಎಂದು ಬರೆದುಕೊಳ್ಳಿ. ನಾಣ್ಯಕ್ಕೆ ಪಕ್ಷಪಾತವಿಲ್ಲ. ಆದರೂ ಅಂಕಗಳ ಅಂತರವು ಸೊನ್ನೆಯಿಂದ 140ರ ವರ್ಗಮೂಲದಷ್ಟು, ಅಂದರೆ ಸುಮಾರು 12ರಷ್ಟು, ಅತ್ತಿತ್ತ ತೂಗಾಡುವುದು ಸಹಜ. ನಿಜವಾದ ಪಂದ್ಯಗಳಲ್ಲಿಯೂ ನಿಪುಣರ ಅಂದಾಜು ಹೆಚ್ಚುಕಡಮೆ ಇಷ್ಟೇ ಅಂಕಗಳಿಂದ ತಪ್ಪುತ್ತದೆ. ಇದು ಅವರ ಅಜ್ಞಾನವಲ್ಲ. ಆಟದಲ್ಲಿಯೇ ಅಡಗಿರುವ ಅನಿಶ್ಚಯ.

ಒಂದು ತಂಡವು ಸರಾಸರಿಯಲ್ಲಿ 6 ಅಂಕಗಳಷ್ಟು ಮೇಲಾಗಿದೆ ಎನ್ನೋಣ. ಈ ತೂಗಾಟದ ನಡುವೆ ಅದು ಗೆಲ್ಲುವುದು ನೂರರಲ್ಲಿ ಸುಮಾರು 70 ಸಲ ಮಾತ್ರ. ಅಮೆರಿಕದ ವೃತ್ತಿಪರ ಪಂದ್ಯಾವಳಿಯಂತೆ ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರೇ ಜಯಶಾಲಿಗಳೆಂದರೆ ಈ ಅವಕಾಶ 87ಕ್ಕೆ ಏರುತ್ತದೆ. ಕಾಲೇಜು ಪಂದ್ಯಾವಳಿಯಲ್ಲಾದರೋ ಒಮ್ಮೆ ಸೋತವರು ಮನೆಗೆ. ಪ್ರತಿ ಪಂದ್ಯದಲ್ಲೂ 70ರ ಅವಕಾಶವುಳ್ಳ ತಂಡವು ಸತತವಾಗಿ ಆರು ಪಂದ್ಯ ಗೆದ್ದು ಪ್ರಶಸ್ತಿ ಪಡೆಯುವ ಸಂಭವ ನೂರಕ್ಕೆ 12 ಮಾತ್ರ!

ಇನ್ನೊಂದು ಸ್ವಾರಸ್ಯವುಂಟು. ಸರದಿಗಳು ಕಡಮೆಯಾದಷ್ಟೂ ದುರ್ಬಲರಿಗೆ ಅನುಕೂಲ. ಸರದಿಗಳನ್ನು ನಾಲ್ಕರಲ್ಲೊಂದು ಪಾಲಿಗೆ ಇಳಿಸಿದರೆ ಬಲಶಾಲಿಯ ಮೇಲುಗೈಯೂ ನಾಲ್ಕರಲ್ಲೊಂದಾಗುತ್ತದೆ. ಆದರೆ ಅದೃಷ್ಟದ ತೂಗಾಟ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ವರ್ಜೀನಿಯ ನಿಧಾನದ ಆಟಕ್ಕೆ ಹೆಸರಾದ ತಂಡ. ಆ ರಾತ್ರಿ ಅರ್ಧ ಆಟ ಮುಗಿದಾಗ ಅಂಕಗಳು 21–21.

ಈಗ ಪಣದ ಲೆಕ್ಕ. ಪಣ ಕಟ್ಟಿಸಿಕೊಳ್ಳುವವರು ‘ಯಾರು ಗೆಲ್ಲುವರು?’ ಎಂದಷ್ಟೇ ಕೇಳುವುದಿಲ್ಲ. ಬಲಶಾಲಿಯು ಇಂತಿಷ್ಟು ಅಂಕಗಳಿಗಿಂತ ಹೆಚ್ಚು ಅಂತರದಿಂದ ಗೆಲ್ಲುವುದೆ ಎಂದು ಕೇಳುತ್ತಾರೆ. ಎರಡು ಕಡೆಯೂ ಸಮವಾಗಿ ತೂಗುವಂತೆ ಈ ಗೆರೆಯನ್ನು ಎಳೆದಿರುತ್ತಾರೆ. ಸಾಮಾನ್ಯವಾಗಿ 110 ಡಾಲರ್ ಒಡ್ಡಿದವನಿಗೆ ಗೆದ್ದರೆ ದೊರೆಯುವ ಲಾಭ 100. ನೂರು ಪಣಗಳಲ್ಲಿ 50 ಗೆದ್ದು 50 ಸೋತವನು ಬಂದ 5000ಕ್ಕೆ ಎದುರಾಗಿ 5500 ತೆತ್ತು, 500 ಡಾಲರ್ ಕಳೆದುಕೊಂಡಿರುತ್ತಾನೆ. ನಷ್ಟವಿಲ್ಲದೆ ಉಳಿಯಲೂ ನೂರಕ್ಕೆ 52.4ರಷ್ಟು ಗೆಲ್ಲಬೇಕು.

‘ನನ್ನ ಭವಿಷ್ಯ ತಪ್ಪದು’ ಎಂದು ಸಾರುವವರಿಗೇನೂ ಕೊರತೆಯಿಲ್ಲ. 2018ರ ಪಂದ್ಯಾವಳಿಯಲ್ಲಿ 68 ತಂಡಗಳು, 67 ಪಂದ್ಯಗಳು. ಸಾವಿರ ಮಂದಿ ಏನೂ ಅರಿಯದೆ ನಾಣ್ಯ ಚಿಮ್ಮಿಯೇ ಪಣದ ಗೆರೆಯ ಆಚೆ ಈಚೆಗಳನ್ನು ಆರಿಸಿದರೂ ಅವರಲ್ಲಿ ಸುಮಾರು 70 ಮಂದಿಯ ಉತ್ತರ 40 ಅಥವಾ ಹೆಚ್ಚು ಪಂದ್ಯಗಳಲ್ಲಿ ಸರಿಯಾಗಿರುತ್ತದೆ! ಮರುದಿನ ಅವರೇ ಪಂಡಿತರು, ಉಳಿದವರು ಸುಮ್ಮನಿರುತ್ತಾರೆ. ನೂರಕ್ಕೆ 53 ಗೆಲ್ಲುವ ನಿಜವಾದ ಜಾಣನನ್ನು ಅದೃಷ್ಟಶಾಲಿಯಿಂದ ಬೇರ್ಪಡಿಸಲು ಸಾವಿರಕ್ಕೂ ಮಿಕ್ಕ ಪಂದ್ಯಗಳ ದಾಖಲೆ ಬೇಕು. ಅಷ್ಟು ದೀರ್ಘಕಾಲ ವಿದ್ಯಾರ್ಥಿಯ ಜೇಬು ಉಳಿದೀತೆ?

ವರ್ಜೀನಿಯವನ್ನು ಬಲಶಾಲಿ ಎಂದವರು ತಪ್ಪು ಹೇಳಿರಲಿಲ್ಲ. ಮರುವರ್ಷವೇ, 2019ರ ಏಪ್ರಿಲ್ 8ರಂದು, ಆ ತಂಡ ಟೆಕ್ಸಾಸ್ ಟೆಕ್ ತಂಡವನ್ನು 85–77ರಿಂದ ಸೋಲಿಸಿ ರಾಷ್ಟ್ರದ ಪ್ರಶಸ್ತಿ ಪಡೆಯಿತು. ‘ಬಹುಶಃ ಗೆಲ್ಲುವುದು’ ಎಂಬ ಮಾತನ್ನು ‘ಖಂಡಿತ ಗೆಲ್ಲುವುದು’ ಎಂದು ಓದಿಕೊಂಡವರದೇ ತಪ್ಪು.