ಮಾಡೆಲರೋ, ಪ್ರೊಫೈಲರೋ: ಗಿಟಾರಿನ ನಾದಕ್ಕೆ ಎರಡು ದಾರಿ

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ಸಾಗಿ ರಾಜ್ಯದ ಎಲ್ಲೆಯನ್ನು ದಾಟಿದೊಡನೆಯೇ ಎದುರಾಗುವ ಹೊಸೂರು, ಅಲ್ಲಿಂದ ಹೆದ್ದಾರಿಯಲ್ಲಿ ಮುಂದುವರಿದರೆ ಮಾವಿನ ತೋಪುಗಳ ಕೃಷ್ಣಗಿರಿ, ಇತ್ತ ಹೊರಳಿದರೆ ತಳಿ, ಡೆಂಕಣಿಕೋಟೆ. ಈ ಸೀಮೆಯಲ್ಲಿ ಕನ್ನಡ, ತಮಿಳು, ತೆಲುಗುಗಳು ಒಂದೇ ಬೀದಿಯಲ್ಲಿ, ಎಷ್ಟೋ ವೇಳೆ ಒಂದೇ ಮನೆಯಲ್ಲಿ ಬಾಳುವಂತೆ, ಒಂದೇ ರಾತ್ರಿಯ ಆರ್ಕೆಸ್ಟ್ರಾದಲ್ಲಿಯೂ ಕೂಡಿ ಬಾಳುತ್ತವೆ. 1981ರಲ್ಲಿ ಶಂಕರನಾಗ್ ನಿರ್ದೇಶಿಸಿದ ‘ಗೀತಾ’ ಚಿತ್ರಕ್ಕೆ ಇಳಯರಾಜರು ಸಂಯೋಜಿಸಿದ ಹಾಡೊಂದನ್ನು ಮುಗಿಸಿ, ಅವರದೇ ತಮಿಳು ಹಾಡಿಗೂ, ಅದರ ಬೆನ್ನಿಗೇ ಕುಣಿತದ ತೆಲುಗು ಹಾಡಿಗೂ ಹೊರಳಬೇಕಾದ ಗಿಟಾರ್ ವಾದಕನಿಗೆ, ತಿಳಿನೀರಿನಂಥ ಸ್ವಚ್ಛ ನಾದದಿಂದ ಕೆರಳಿದ ಡಿಸ್ಟಾರ್ಷನ್ನಿಗೆ ದಾಟಲು ದೊರೆಯುವ ಅವಕಾಶ ಎರಡು ಮೂರು ಕ್ಷಣಗಳಿಗಿಂತ ಹೆಚ್ಚಲ್ಲ. ಆ ದಾಟುವಿಕೆಯನ್ನು ಸಾಧಿಸಿಕೊಡುವುದು ಆತನ ಕಾಲ ಬಳಿ ಇರುವ ಪ್ರೊಸೆಸರು. ಹೊಸದೊಂದನ್ನು ಕೊಳ್ಳಹೊರಟವನ ಮುಂದೆ ಈಗ ಮಾಡೆಲರು, ಪ್ರೊಫೈಲರು ಎಂಬ ಎರಡು ಪಂಥಗಳು ನಿಂತಿವೆ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಯಾವುದಕ್ಕೆ ಒಪ್ಪಿಸಬೇಕೆಂಬುದು ಕಲಾವಿದನ ಪಾಲಿಗೆ ಗಂಭೀರವಾದ ವಿಚಾರ.

ಎರಡೂ ಅನುಕರಿಸುವುದು ಒಂದೇ ಹಳೆಯ ಯಂತ್ರವನ್ನು. ಗಾಜಿನ ನಿರ್ವಾತ ನಳಿಕೆಗಳನ್ನು, ಎಂದರೆ ವಾಲ್ವುಗಳನ್ನು, ಹೃದಯವಾಗಿ ಉಳ್ಳ ಆಂಪ್ಲಿಫೈಯರು ಅದು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿದ ಕಾಲದ ಆಸುಪಾಸಿನಲ್ಲಿ, ಅಂಥದೇ ವಾಲ್ವುಗಳಿಂದ ಇಂಗ್ಲೆಂಡಿನ ವಾಕ್ಸ್, ಮಾರ್ಷಲ್, ಅಮೆರಿಕದ ಫೆಂಡರ್ ಕಂಪನಿಗಳು ಗಿಟಾರಿಗೆ ಹೊಸ ಕಂಠವನ್ನು ಕೊಡುತ್ತಿದ್ದವು. ತಂತಿಯ ಮೇಲಣ ಬೆರಳಿನ ಬಲ ಹೆಚ್ಚಿದಂತೆ ಧ್ವನಿಯಲೆಯ ಶಿಖರವು ಥಟ್ಟನೆ ಕತ್ತರಿಸಿಹೋಗದೆ ಮೆಲ್ಲಮೆಲ್ಲನೆ ದುಂಡಗಾಗುವುದು, ಆ ದುಂಡಗಾಗುವಿಕೆಯಿಂದ ಹೊಸ ಉಪಸ್ವರಗಳು ಹುಟ್ಟುವುದು, ಬಲವಾದ ಮೀಟಿಗೆ ವಿದ್ಯುತ್ ಸರಬರಾಜೇ ಕ್ಷಣಾರ್ಧದಷ್ಟು ಕಾಲ ಕುಗ್ಗಿ ಮತ್ತೆ ಚೇತರಿಸಿಕೊಂಡು ನಾದಕ್ಕೆ ಉಸಿರಾಟದಂಥ ಏರಿಳಿತವನ್ನು ತರುವುದು, ಇವೆಲ್ಲ ಆ ಯಂತ್ರದ ಗುಣಗಳು. ಆದರೆ 1963ರಲ್ಲಿ ಬಂದ ಫೆಂಡರ್ ಟ್ವಿನ್ ರಿವರ್ಬ್ ಸುಮಾರು 30 ಕಿಲೋ ತೂಗುತ್ತದೆ. ಅಮೆರಿಕದ ವಿದ್ಯುತ್ತಿಗೆಂದು ಮಾಡಿದ್ದಾದರೆ ನಮ್ಮ 230 ವೋಲ್ಟಿಗೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರು ಬೇಕು. ಅದರ ವಾಲ್ವುಗಳು ಹದಕ್ಕೆ ಬರುವಷ್ಟು ಸದ್ದನ್ನು ಹೊಸೂರಿನ ಬಡಾವಣೆಯ ಮನೆಗಳಲ್ಲಿ ಯಾರೂ ಸಹಿಸಲಾರರು. ಫೆಂಡರ್ ಕಂಪನಿಯೇ 2019ರಲ್ಲಿ ಅದೇ ಆಕಾರದ, ಹೆಚ್ಚುಕಡಿಮೆ ಅರ್ಧ ತೂಕದ ಡಿಜಿಟಲ್ ಪ್ರತಿರೂಪವನ್ನು ಮಾರುಕಟ್ಟೆಗೆ ತಂದಿತೆಂದ ಮೇಲೆ, ಅನುಕರಣವನ್ನು ಹೀನವೆಂದು ತಳ್ಳಿಹಾಕುವ ಕಾಲ ಕಳೆಯಿತೆಂದೇ ಹೇಳಬೇಕು.

ಮಾಡೆಲರಿನ ದಾರಿ ಶಾಸ್ತ್ರಜ್ಞನದು. ಆಂಪಿನ ನಕ್ಷೆಯನ್ನು ಬಿಚ್ಚಿ, ಇಂತಹ ವಾಲ್ವು ಇಂತಹ ವೋಲ್ಟಿಗೆ ಹೇಗೆ ವರ್ತಿಸುವುದು, ಟ್ರೆಬಲ್ಲನ್ನು ತಿರುಗಿಸಿದಾಗ ಬೇಸ್ ಎಷ್ಟು ಜರುಗುವುದು ಎಂಬುದನ್ನೆಲ್ಲ ಗಣಿತಕ್ಕೆ ಇಳಿಸಿ, ಆ ಸಮೀಕರಣಗಳನ್ನು ಒಂದು ಸೆಕೆಂಡಿಗೆ 48,000 ಸಲ ಬಿಡಿಸುತ್ತ ಹೋಗುವುದು ಅದರ ಕ್ರಮ. ಲೈನ್ 6 ಕಂಪನಿ 1998ರಲ್ಲಿ ತಂದ ಪಾಡ್ ಎಂಬ ಕೆಂಪು ಪೆಟ್ಟಿಗೆಯಿಂದ ಇದು ಜನಸಾಮಾನ್ಯರ ಕೈಗೆ ಬಂದಿತು. 2006ರ ಫ್ರ್ಯಾಕ್ಟಲ್ ಆಡಿಯೋ ಆಕ್ಸ್ ಎಫ್ಎಕ್ಸ್, 2015ರ ಹೀಲಿಕ್ಸ್‌ಗಳು ಅದನ್ನು ವೃತ್ತಿಪರ ವೇದಿಕೆಗೆ ಏರಿಸಿದವು.

ಪ್ರೊಫೈಲರಿನ ದಾರಿ ಬೇರೆ. ಜರ್ಮನಿಯ ಕ್ರಿಸ್ಟೋಫ್ ಕೆಂಪರ್ ಎಂಬ ಯಂತ್ರಶಿಲ್ಪಿ 2011ರಲ್ಲಿ ಹೊರತಂದ ಪೆಟ್ಟಿಗೆಯು, ಎದುರಿಗಿರುವ ನಿಜವಾದ ಆಂಪಿನೊಳಕ್ಕೆ ವಿಚಿತ್ರವಾದ ಸದ್ದುಗಳನ್ನು ಕಳುಹಿಸಿ, ಸ್ಪೀಕರಿನ ಮುಂದಿಟ್ಟ ಮೈಕಿನಿಂದ ಅವು ಯಾವ ರೂಪದಲ್ಲಿ ಮರಳಿದವೆಂಬುದನ್ನು ಅಳೆದು, ಕೆಲವೇ ನಿಮಿಷಗಳಲ್ಲಿ ಆ ಆಂಪಿನ ಆ ಕ್ಷಣದ ಕಂಠವನ್ನು ತನ್ನೊಳಗೆ ಇರಿಸಿಕೊಳ್ಳುತ್ತದೆ. ಆಂಪಿನ ಒಳಗೇನಿದೆಯೆಂಬ ವಿಚಾರ ಅದಕ್ಕೆ ಬೇಡ. ಫಿನ್ಲೆಂಡಿನ ನ್ಯೂರಲ್ ಡಿಎಸ್‌ಪಿ ಕಂಪನಿಯ ಕ್ವಾಡ್ ಕಾರ್ಟೆಕ್ಸ್, 2022ರ ಟೋನೆಕ್ಸ್, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ನ್ಯೂರಲ್ ಆಂಪ್ ಮಾಡೆಲರ್ ತಂತ್ರಾಂಶ, ಇವು ನರಜಾಲ ಗಣಿತದಿಂದ ಇದೇ ಕೆಲಸವನ್ನು ಇನ್ನೂ ಸೂಕ್ಷ್ಮವಾಗಿ ಮಾಡುತ್ತವೆ. ಕಣ್ಣು ಮುಚ್ಚಿ ಕೇಳಿದರೆ ಒಳ್ಳೆಯ ಪ್ರೊಫೈಲಿಗೂ ಅದರ ಮೂಲಕ್ಕೂ ಅಂತರ ಹೇಳುವುದು ಪಳಗಿದ ಕಿವಿಗಳಿಗೂ ಕಷ್ಟ; ಇದು ಅತಿಶಯೋಕ್ತಿಯಲ್ಲ.

ಹಾಗಾದರೆ ನಿಷ್ಠೆಯಲ್ಲಿ ಮೇಲಾದ ಪ್ರೊಫೈಲರನ್ನೇ ಕೊಳ್ಳತಕ್ಕದ್ದೆಂದು ತೋರಬಹುದು. ನಾನು ಹಾಗೆ ಹೇಳಲಾರೆ. ಕೃಷ್ಣಗಿರಿಯ ತೋಟಗಾರರು ಮಾವಿನ ಕಸಿ ಕಟ್ಟುವಾಗ ಮೊದಲು ನೋಡುವುದು ತಾಯಿಮರವನ್ನು. ಕಸಿಯು ತಾಯಿಯ ಗುಣವನ್ನು ತಪ್ಪದೆ ತರುತ್ತದೆಯಾದಕಾರಣವೇ ಯಾವ ತಾಯಿಯೆಂಬ ಪ್ರಶ್ನೆ ಅಲ್ಲಿ ಎಲ್ಲಕ್ಕಿಂತ ದೊಡ್ಡದು. ಪ್ರೊಫೈಲಿನ ವಿಷಯದಲ್ಲಿಯೂ ಕೇಳಬೇಕಾದದ್ದು ಇದೇ: ಯಾರ ಆಂಪು, ಯಾರು ತಿರುಗಿಸಿಟ್ಟ ಗುಬ್ಬಿಗಳು (ನಾಬುಗಳು), ಯಾವ ಕೋಣೆಯಲ್ಲಿ ಯಾರ ಕಿವಿ ಒಪ್ಪಿದ ಮೈಕಿನ ಸ್ಥಾನ? ವಾಲ್ವ್ ಆಂಪಿನ ಮುಂದೆ ಒಮ್ಮೆಯೂ ನಿಂತು ನುಡಿಸದ ಹೊಸೂರಿನ ತರುಣನು, ದೂರದೇಶದ ಸ್ಟುಡಿಯೋದವನು ತನ್ನ ಕೈಗೆ, ತನ್ನ ಗಿಟಾರಿಗೆ ಹೊಂದಿಸಿಕೊಂಡ ನಾದವನ್ನು ಇಳಿಸಿಕೊಂಡು, ಅದು ತನ್ನ ಕೈಗೆ ಒಗ್ಗದಿದ್ದಾಗ ಇನ್ನೊಂದನ್ನು, ಆಮೇಲೆ ಮತ್ತೊಂದನ್ನು ಹುಡುಕುತ್ತ, ಸಾವಿರಾರು ಪ್ರೊಫೈಲುಗಳ ನಡುವೆ ಅಭ್ಯಾಸದ ಹೊತ್ತನ್ನೆಲ್ಲ ಕಳೆಯುವನು. ಮೇಲಾಗಿ ಸಾಮಾನ್ಯ ಪ್ರೊಫೈಲು ಗುಬ್ಬಿಗಳ ಒಂದೇ ಸ್ಥಿತಿಯನ್ನು ಬಲ್ಲದು. ಅದರ ಗೇನನ್ನು, ಎಂದರೆ ವರ್ಧನೆಯ ಮಟ್ಟವನ್ನು, ಬಹಳವಾಗಿ ಏರಿಸಿದರೆ ದೊರೆಯುವುದು ಆ ಆಂಪು ಏರಿದಾಗಿನ ಸ್ವರೂಪವಲ್ಲ, ಯಂತ್ರದ ಊಹೆ. ಮಾಡೆಲರಿನಲ್ಲಾದರೋ ಪ್ರತಿಯೊಂದು ಗುಬ್ಬಿಯೂ ಒಂದು ಪಾಠ: ಫೆಂಡರಿನ ಬೇಸ್ ಹೆಚ್ಚಿದರೆ ಗೇನ್ ಏರಿದಾಗ ನಾದ ಏಕೆ ಕೆಸರಾಗುವುದು, ಮಾರ್ಷಲ್ಲಿನಲ್ಲಿ ಮಿಡ್ಲನ್ನು ಇಳಿಸಿದ ವಾದಕನು ತಂಡದ ನಡುವೆ ಏಕೆ ಕೇಳಿಸದೆ ಹೋಗುವನು, ಇವನ್ನು ಕೈಯೇ ಕಲಿಯುತ್ತದೆ. ನಾದವನ್ನು ಇನ್ನೂ ಹುಡುಕುತ್ತಿರುವವನಿಗೆ ಮಾಡೆಲರು. ನಾದವನ್ನು ಕಂಡುಕೊಂಡು ಅದನ್ನು ಊರಿಂದೂರಿಗೆ ಒಯ್ಯಬೇಕಾದವನಿಗೆ ಪ್ರೊಫೈಲರು. ನನ್ನ ದೃಢವಾದ ಅಭಿಪ್ರಾಯವಿದು.

ಈ ಎರಡನೆಯ ವರ್ಗದವರು ನಮ್ಮಲ್ಲಿ ಇಲ್ಲವೆಂದಲ್ಲ. ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ಯು. ಶ್ರೀನಿವಾಸ್, ಗಿಟಾರಿನಲ್ಲಿ ಆರ್. ಪ್ರಸನ್ನ ಅವರು ಕರ್ನಾಟಕ ಸಂಗೀತದ ಗಮಕಗಳನ್ನು ತೋರಿಸಿಕೊಟ್ಟ ಮೇಲೆ, ಆ ದಾರಿ ಹಿಡಿದವರಿಗೆ ಆಂಪಿನಿಂದ ಬೇಕಾದದ್ದೇ ಬೇರೆಯೆಂಬುದು ಸ್ಪಷ್ಟವಾಗಿದೆ. ಗಮಕವು ಬಾಳುವುದು ಮೀಟಿನಲ್ಲಲ್ಲ, ಮೀಟಿನ ಬಳಿಕ ಸವೆಯುತ್ತ ಹೋಗುವ ನಾದದಲ್ಲಿ. ತೀರ ಸ್ವಚ್ಛವಾದ ಆಂಪಿನಲ್ಲಿ ಆ ಬಾಲವು ಬೇಗನೆ ಅಡಗುವುದು. ಗೇನ್ ಮಿತಿಮೀರಿದರೆ, ಒಟ್ಟಿಗೆ ಮಿಡಿದ ಎರಡು ತಂತಿಗಳು ಒಂದರೊಳಗೊಂದು ತೊಡರಿ ಶ್ರುತಿಗೆ ಸೇರದ ಸ್ವರಗಳು ಹುಟ್ಟುವುವು. ಸ್ವಚ್ಛತೆಯ ಅಂಚಿನಲ್ಲಿ, ವಾಲ್ವು ಬಾಲವನ್ನು ಮೆಲ್ಲನೆ ಎತ್ತಿಹಿಡಿಯುವ ಆ ಒಂದೇ ಬಿಂದುವನ್ನು ಕಂಡವನು, ತನ್ನ ಆಂಪನ್ನು ತಾನೇ ಪ್ರೊಫೈಲು ಮಾಡಿಟ್ಟುಕೊಳ್ಳುವುದು ಸರ್ವಥಾ ಯುಕ್ತ.

ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿದಂದಿನಿಂದ ಇಂಥ ಪ್ರಶ್ನೆ ನಮ್ಮ ಸಂಗೀತಕ್ಕೆ ಹೊಸದೇನಲ್ಲ. ನಾದವನ್ನು ಸರ್ಕ್ಯೂಟಿನಿಂದ ಹುಟ್ಟಿಸುವುದೋ, ನಿಜವಾದ ತಂಬೂರಿಯ ಧ್ವನಿಮುದ್ರಣವನ್ನೇ ಮರಳಿ ನುಡಿಸುವುದೋ ಎಂಬ ಎರಡು ಬಗೆಗಳು ಅಲ್ಲಿಯೂ ಉಂಟು. ತಂಬೂರಿಗೆ ನಾನು ಮುದ್ರಿತ ನಾದವನ್ನೇ ಒಪ್ಪುವೆನು. ತಂಬೂರಿಯು ಗಾಯಕನಿಗೆ ಆಧಾರವಾಗಿ ಅವಿಚಲವಾಗಿ ನಿಲ್ಲತಕ್ಕದ್ದು. ಗಿಟಾರಿನ ಆಂಪಾದರೋ ಪ್ರತಿಯೊಂದು ಮೀಟಿಗೂ ಉತ್ತರ ಕೊಡಬೇಕಾದ ವಾದ್ಯಾಂಗ. ಆದುದರಿಂದ ಅಲ್ಲಿಯ ತೀರ್ಪನ್ನು ಇಲ್ಲಿಗೆ ತರಲಾಗದು.

ಎರಡು ಪಂಥಗಳ ನಡುವಿನ ಗೋಡೆ ಈಚೆಗೆ ತೆಳುವಾಗುತ್ತಿದೆಯೆಂಬುದನ್ನೂ ಹೇಳಬೇಕು. 2023ರಲ್ಲಿ ಕೆಂಪರ್ ಕಂಪನಿ ಲಿಕ್ವಿಡ್ ಪ್ರೊಫೈಲಿಂಗ್ ಎಂಬ ಹೆಸರಿನಲ್ಲಿ, ಪ್ರೊಫೈಲಿಗೆ ಮೂಲ ಆಂಪಿನ ಗುಬ್ಬಿಗಳ ವರ್ತನೆಯನ್ನು ಗಣಿತದಿಂದ ಜೋಡಿಸಿತು. ನ್ಯೂರಲ್ ಡಿಎಸ್‌ಪಿಯವರು ಯಂತ್ರಮಾನವನ ಕೈಯಿಂದ ಆಂಪಿನ ಗುಬ್ಬಿಗಳನ್ನು ತಿರುಗಿಸಿ, ಆ ಅಸಂಖ್ಯ ಸ್ಥಿತಿಗಳಿಂದ ಮಾಡೆಲನ್ನೇ ಕಲಿಸುತ್ತಿದ್ದಾರೆ.

ಯಾವುದನ್ನೇ ಕೊಂಡರೂ, ಜಾತ್ರೆಯ ಬಯಲಿನಲ್ಲಿ ನಾದ ಕೆಡುವುದು ಸಾಮಾನ್ಯವಾಗಿ ಬೇರೆ ಕಾರಣದಿಂದ. ಮಂದವಾದ ಸದ್ದಿನಲ್ಲಿ ನಮ್ಮ ಕಿವಿ ಬೇಸನ್ನೂ ತೀಕ್ಷ್ಣಸ್ವರಗಳನ್ನೂ ಕಡಿಮೆಯಾಗಿ ಗ್ರಹಿಸುವುದೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಮನೆಯವರು ಮಲಗಿದ ಮೇಲೆ ಹೆಡ್‌ಫೋನಿನಲ್ಲಿ ಹೊಂದಿಸಿದ ಪ್ಯಾಚಿನಲ್ಲಿ (ಉಳಿಸಿಟ್ಟ ನಾದದ ಜೋಡಣೆಯಲ್ಲಿ) ಇವೆರಡೂ ತಾವಾಗಿಯೇ ಅಧಿಕವಾಗಿರುತ್ತವೆ. ಮೈದಾನದ ದೊಡ್ಡ ಸ್ಪೀಕರುಗಳಲ್ಲಿ ಅದೇ ಪ್ಯಾಚು ಗುಂಯ್‌ಗುಟ್ಟಿ ಕಿವಿಗೆ ಚುಚ್ಚುವುದಲ್ಲದೆ, ಗಿಟಾರಿನ ನಿಜಸ್ಥಾನವಾದ ನಡುಸ್ತರವು ಕೀಬೋರ್ಡಿನ ಅಡಿಯಲ್ಲಿ ಮುಚ್ಚಿಹೋಗುವುದು. ಪ್ಯಾಚನ್ನು ಹೊಂದಿಸುವುದೇ ಆದರೆ ವೇದಿಕೆಯಷ್ಟೇ ಸದ್ದಿನಲ್ಲಿ ಹೊಂದಿಸಬೇಕು. ಹಾಗೆಯೇ ಗಿಟಾರ್ ಸ್ಪೀಕರು 5 ಕಿಲೋಹರ್ಟ್ಸಿನ ಮೇಲೆ ಬಹಳ ಬೇಗ ಕುಗ್ಗುವುದರಿಂದ, ನೇರವಾಗಿ ಮಿಕ್ಸರಿಗೆ ಕೊಡುವಾಗ ಕ್ಯಾಬಿನೆಟ್ಟಿನ ಅನುಕರಣವನ್ನು ಆನ್ ಮಾಡಿರಬೇಕು, ಗಿಟಾರ್ ಆಂಪಿನ ಮೂಲಕ ನುಡಿಸುವಾಗ ಆಫ್ ಮಾಡಿರಬೇಕು. ಇಷ್ಟನ್ನು ಮರೆತವರು ಯಂತ್ರವನ್ನು ದೂಷಿಸಿ ಮಾರಿಬಿಡುವುದುಂಟು.

ಕೊಳ್ಳುವ ದಿನ ಬೆಂಗಳೂರಿನ ಅಂಗಡಿಗೆ ತಮ್ಮದೇ ಗಿಟಾರನ್ನು ಒಯ್ಯುವುದು ಲೇಸು. ಸ್ವಲ್ಪವೇ ಕೆರಳಿದ ನಾದವನ್ನು ಆರಿಸಿ, ಗಿಟಾರಿನ ಮೇಲಣ ವಾಲ್ಯೂಮನ್ನು 10ರಿಂದ 3ಕ್ಕೆ ಇಳಿಸಿ ನುಡಿಸಿ ನೋಡಬೇಕು. ವಾಲ್ವ್ ಆಂಪಿನಂತೆ ಕೆರಳು ಕರಗಿ ತಂತಿಯ ತಿಳಿನಾದ ಹೊರಬಂದರೆ, ಆಮೇಲೆ ಬೆರಳಿನ ಬಲಕ್ಕೆ ತಕ್ಕಂತೆ ಆ ಕೆರಳು ಮರಳಿದರೆ, ಆ ಪೆಟ್ಟಿಗೆ ಯಾವ ಪಂಥದ್ದೇ ಆಗಲಿ ಕೊಳ್ಳಲು ಯೋಗ್ಯ. ವಾಲ್ಯೂಮು ಇಳಿದಾಗ ಬರಿಯ ಸದ್ದು ತಗ್ಗಿ ನಾದದ ಗುಣ ಇದ್ದಂತೆಯೇ ಉಳಿದರೆ, ಅದು ಎಷ್ಟೇ ಹೆಸರಾಂತ ಕಂಪನಿಯದಾಗಿದ್ದರೂ ಬಿಟ್ಟು ಬರಬೇಕು.