ಪಶು ಆಹಾರದ ಕೋಣೆಗೆ ಪ್ಲಾಸ್ಟಿಕ್ ಹಾಳೆ



ಕೊಕ್ಕನೂರಿನಂತಹ ಭದ್ರಾ ಅಚ್ಚುಕಟ್ಟಿನ ಊರುಗಳಲ್ಲಿ ಗದ್ದೆಗೆ ನೀರು ಬಿಟ್ಟಾಗ ಮನೆಯ ನೆಲಕ್ಕೂ ತೇವ ಏರುತ್ತದೆ. ಸಿಮೆಂಟ್ ನೆಲ ಒಣಗಿದಂತೆ ಕಂಡರೂ ಅದರ ಮೂಲಕ ಆವಿ ಮೇಲೆ ಬರುತ್ತದೆ. ಚೀಲದ ಅಡಿಯಲ್ಲಿ ಪಶು ಆಹಾರ ಬೂಷ್ಟು ಹಿಡಿಯಲು ಇದೂ ಒಂದು ಕಾರಣ. ಬೂಷ್ಟಿನಿಂದ ಉಂಟಾಗುವ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗದು. ಒಂದು ಕಿಲೋ ಹಾಲಿನಲ್ಲಿ ಕಾನೂನಿನ ಮಿತಿ 0.5 ಮೈಕ್ರೋಗ್ರಾಂ ಮಾತ್ರ.

ನೆಲವನ್ನು ನೀವೇ ಪರೀಕ್ಷಿಸಬಹುದು. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ. ಮರುದಿನ ಹಾಳೆಯ ಅಡಿ ಹನಿ ಕಂಡರೆ ನೆಲದಿಂದ ತೇವ ಬರುತ್ತಿದೆ ಎಂದರ್ಥ.

ಹೊಸ ಕೋಣೆ ಕಟ್ಟುವವರು ಹೀಗೆ ಮಾಡಿ:

1. ಗಟ್ಟಿಸಿದ ನೆಲದ ಮೇಲೆ 2 ಅಂಗುಲ ಮರಳು ಹರಡಿ.
2. ಅದರ ಮೇಲೆ 250 ಮೈಕ್ರಾನ್ (1000 ಗೇಜ್) ಪಾಲಿಥೀನ್ ಹಾಳೆ ಹಾಸಿ. ಜೋಡಣೆಯಲ್ಲಿ ಒಂದರ ಮೇಲೊಂದು 1 ಅಡಿ ಬರಲಿ, ಟೇಪು ಹಚ್ಚಿ.
3. ಅಂಚನ್ನು ಗೋಡೆಗುಂಟ ಅರ್ಧ ಅಡಿ ಮೇಲಕ್ಕೆ ಮಡಚಿ, ಹಾಳೆ ತೂತಾಗದಂತೆ ಕಾಂಕ್ರೀಟ್ ಹಾಕಿಸಿ.

ಹಳೆಯ ಕೋಣೆಯಲ್ಲಿ ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ 1 ಅಡಿ ದೂರ ಇಡಿ.

ಆದರೆ ಚಳಿಗೆ ಹೆದರಿ ಕೊಟ್ಟಿಗೆಯ ಸುತ್ತಲೂ ಇದೇ ಹಾಳೆ ಬಿಗಿಯಬೇಡಿ. ಹಸುವಿನ ಉಸಿರಿನ ಆವಿ ಹೊರಹೋಗದೆ ಹಾಳೆಯ ಒಳಮೈಯಲ್ಲಿ ಹನಿಗಟ್ಟುತ್ತದೆ, ಗಂಜಲದ ಅಮೋನಿಯಾ ಒಳಗೇ ನಿಲ್ಲುತ್ತದೆ. ಇದರಿಂದ ಕರುಗಳಿಗೆ ಕೆಮ್ಮು, ನ್ಯುಮೋನಿಯಾ ಬರಬಹುದು. ಗಾಳಿ ಬೀಸುವ ಕಡೆ ಮಾತ್ರ ಗೋಣಿತಾಟು ಕಟ್ಟಿ, ಮೇಲ್ಭಾಗ ತೆರೆದಿಡಿ.

ಬೂಷ್ಟು ಹಿಡಿದ ಆಹಾರವನ್ನು ಬಿಸಿಲಿಗೆ ಒಣಗಿಸಿ ಮತ್ತೆ ತಿನ್ನಿಸಬೇಡಿ. ಒಣಗಿದರೂ ವಿಷ ಉಳಿದೇ ಇರುತ್ತದೆ.